85ರಿಂದ ಗುಣಿಸೋ ಮೊದ್ಲು: ಓದುಗರ ರೊಕ್ಕದ ಪ್ರಶ್ನೆಗಳು

ಹೋದ ಸಲ ಈ ಅಂಕಣದಾಗ ಎಫ್‌ಡಿ ಬಡ್ಡಿ ಬಗ್ಗೆ ಬರೀತಾ ಬರೀತಾ ಕೊನಿಗೆ ಒಂದು ಸಾಲು ಹಾಕಿದ್ದೆ, ಫಾರಿನ್ ಪಗಾರನ ಇವತ್ತಿನ ರೇಟಿನಿಂದ ಗುಣಿಸಿ ಊರ ತುಂಬ ಹೇಳ್ಕೊಂಡು ತಿರುಗಬ್ಯಾಡ್ರಿ ಅಂತ. ಎಫ್‌ಡಿ ಬಗ್ಗೆ ಒಬ್ರೂ ಕೇಳಲಿಲ್ಲ, ಬಂದ ಪತ್ರ ಮೆಸೇಜು ಎಲ್ಲಾ ಆ ಒಂದು ಸಾಲಿಗೇ. ಮನಿಗೊಬ್ರು ಗಲ್ಫ್‌ನಾಗೋ ಅಮೆರಿಕದಾಗೋ ಇರೋ ಕಾಲ ಇದು, ಅದಕ್ಕ ಈ ಸಲ ಪೂರ್ತಿ ಇದನ್ನೇ ತಗೊಂಡೀನಿ. ಲೆಕ್ಕ ಸುಲಭ ಆಗ್ಲಿ ಅಂತ ಎಲ್ಲಾ ಕಡೆ ಡಾಲರ್‌ಗೆ 85 ರೂಪಾಯಿ ಅಂತ ಹಿಡ್ಕೊಂಡೀನಿ, ನೀವು ಓದೋ ಹೊತ್ತಿಗೆ ಅದು ಮ್ಯಾಲೆ ಕೆಳಗ ಆಗಿರ್ತೈತಿ, ನನ್ನ ಬೈಬ್ಯಾಡ್ರಿ.

ನನ್ನ ತಮ್ಮಗ ಹೆವಿ ಲೈಸೆನ್ಸ್ ಐತಿ. ಒಬ್ಬ ಏಜೆಂಟ್ ಕುವೈತ್‌ಗೆ ತಿಂಗಳಿಗೆ 150 ದಿನಾರ್ ಅಂತಾನ, ಇನ್ನೊಬ್ಬ ದುಬೈಗೆ 1,800 ದಿರ್ಹಮ್ ಅಂತಾನ. ಮನ್ಯಾಗ ಎಲ್ಲರೂ 1,800 ದೊಡ್ಡದು ಅಂತಾರ. ತಮ್ಮ ಮಾತ್ರ ಜಗತ್ತಿನಾಗ ಕುವೈತ್ ರೊಕ್ಕನೇ ದೊಡ್ಡದು, ಅಲ್ಲಿಗೇ ಹೋಗ್ತೀನಿ ಅಂತಾನ. ಯಾರದು ಖರೆ? – ಗಂಗಾವತಿಯ ಓದುಗರು

ಯಾರದೂ ಅಲ್ರಿ. ಒಂದು ದಿನಾರ್‌ಗೆ ಸುಮಾರು 3.25 ಡಾಲರ್, ಅಂದ್ರ 276 ರೂಪಾಯಿ ಹತ್ರ. ದಿರ್ಹಮ್‌ನ 1997ರಿಂದ ಡಾಲರ್‌ಗೆ 3.6725 ಅಂತ ಗೂಟಕ್ಕ ಕಟ್ಟಿಬಿಟ್ಟಾರ, ಅದು 23 ರೂಪಾಯಿ ಚಿಲ್ಲರೆ. ಈಗ ಗುಣಿಸ್ರಿ. ಎರಡೂ 41 ಸಾವಿರದ ಆಚೆ ಈಚೆ ಬರ್ತಾವ. ನೀವು ಮನಿ ಮಂದಿ ರಾತ್ರಿಯೆಲ್ಲಾ ಕುಂತು ಜಗಳ ಮಾಡಿದ್ದು ಹೆಚ್ಚೂ ಕಡಿಮಿ ಒಂದೇ ಪಗಾರಕ್ಕ.

ನಿಮ್ಮೂರಾಗ ಭತ್ತನ 75 ಕೆಜಿ ಚೀಲದ ಲೆಕ್ಕದಾಗ ಮಾರ್ತೀರಿ, ಬ್ಯಾರೆ ಕಡೆ ಕ್ವಿಂಟಾಲ್ ಲೆಕ್ಕ. ಕ್ವಿಂಟಾಲ್ ರೇಟು ಜಾಸ್ತಿ ಕಾಣ್ತೈತಿ ಅಂತ ಯಾರಾದ್ರೂ ಅಲ್ಲಿಗೆ ಲಾರಿ ಹೊಡ್ಕೊಂಡು ಹೋಗ್ತಾರೇನ್ರಿ? ದೇಶದ ರೊಕ್ಕದ ಸೈಜೂ ಹಂಗೇ, ಅದು ಬರೇ ಅಳತಿ ಪಾತ್ರಿ. ಜಪಾನಿನ ಯೆನ್ ನಮ್ಮ 57 ಪೈಸೆ ಅಷ್ಟೇ, ಹಂಗಂತ ಜಪಾನಿನೋರು ನಮಗಿಂತ ಬಡವರಲ್ಲ. ಇಂಡೋನೇಷ್ಯಾದಾಗ ಕೂಲಿಯೋನೂ ಲಕ್ಷಗಟ್ಟಲೆ ರುಪಿಯಾ ಎಣಿಸ್ತಾನ. ಟರ್ಕಿಯೋರಂತೂ 2005ರ ಹೊಸ ವರ್ಷಕ್ಕ ತಮ್ಮ ನೋಟಿನಿಂದ ಆರು ಸೊನ್ನಿ ಕಿತ್ತು ಹಾಕಿದ್ರು, ಹತ್ತು ಲಕ್ಷ ಲಿರಾ ಇದ್ದಿದ್ದು ಬೆಳಗಾಗೋದ್ರೊಳಗ ಒಂದು ಲಿರಾ ಆತು, ಯಾರ ತಾಟಿನಾಗಿನ ರೊಟ್ಟಿಯೂ ಕಡಿಮಿ ಆಗ್ಲಿಲ್ಲ.

ಹಂಗಾರ ಏನು ನೋಡಬೇಕು? ರೂಮು ಯಾರು ಕೊಡ್ತಾರ, ಊಟ ಯಾರ ಖರ್ಚು, ದಿನಕ್ಕ ಎಷ್ಟು ತಾಸು, ಓಟಿ ಐತೋ ಇಲ್ಲೋ, ಎರಡು ವರ್ಷಕ್ಕೊಮ್ಮೆ ಟಿಕೆಟ್ ಕೊಡ್ತಾರೋ ಇಲ್ಲೋ. ಎರಡೂ ದೇಶದಾಗ ಪಗಾರಕ್ಕ ಇನ್‌ಕಂ ಟ್ಯಾಕ್ಸ್ ಇಲ್ಲ, ಅದೊಂದು ಚಲೋ. ಆದ್ರ ದುಬೈ ಕಂಪನಿಯೋರು ರೂಮು ನೀವೇ ನೋಡ್ಕೊಳ್ರಿ ಅಂದ್ರ, ಬೆಡ್‌ಸ್ಪೇಸ್ ಅಂತ ಒಂದು ಮಂಚಕ್ಕ 500 ದಿರ್ಹಮ್, ಊಟಕ್ಕ 400 ಹೋತು ಅಂತ ಇಟ್ಕೊಳ್ರಿ, ಉಳಿಯೋದು 900. ಕುವೈತಿನೋರು ರೂಮು ಊಟ ಎರಡೂ ಕೊಟ್ರ 150ರಾಗ 130 ದಿನಾರ್ ಉಳೀಬಹುದು. ಊರಿಗೆ ಬರೋದು ಉಳಿದದ್ದಷ್ಟೇ, ಅಲ್ಲಿಗೆ 21 ಸಾವಿರಕ್ಕೂ 36 ಸಾವಿರಕ್ಕೂ ವ್ಯತ್ಯಾಸ ಆತಲ್ರಿ. ಅದಕ್ಕ ಕರಾರು ಪತ್ರ ಕೈಗೆ ತಗೊಂಡು ಓದ್ರಿ, ಬಾಯಿಮಾತು ಬ್ಯಾಡ.

ಇನ್ನೊಂದು, ಏಜೆಂಟ್‌ಗೆ ಕೇಂದ್ರ ಸರ್ಕಾರದ ರಿಜಿಸ್ಟ್ರೇಷನ್ ನಂಬರ್ ಐತಾ ಅಂತ ಮೊದ್ಲು ಕೇಳ್ರಿ. ನಿಯಮದ ಪ್ರಕಾರ ಅವ್ರು ತಗೊಳ್ಳಬೇಕಾದ ಸರ್ವಿಸ್ ಚಾರ್ಜ್ 30,000 ರೂಪಾಯಿ, ಮ್ಯಾಲೆ ಜಿಎಸ್‌ಟಿ, ಅಷ್ಟೇ. ಒಂದೂವರೆ ಲಕ್ಷ ಕೊಡು ಅಂದ್ರ ಆ ಹುಡುಗ ಮೊದಲನೇ ಐದಾರು ತಿಂಗಳು ಏಜೆಂಟ್ ಸಲುವಾಗಿ ಸ್ಟೇರಿಂಗ್ ಹಿಡಿದಂಗ.

ಮಗ ಡಲ್ಲಾಸ್‌ನಾಗ ಸಾಫ್ಟ್‌ವೇರ್‌ನಾಗ ಇದ್ದಾನ. ವರ್ಷಕ್ಕ 1 ಲಕ್ಷ ಡಾಲರ್, ಅಂದ್ರ 85 ಲಕ್ಷ ರೂಪಾಯಿ. ಆದ್ರ ಫೋನ್ ಮಾಡಿದಾಗೊಮ್ಮೆ ರೊಕ್ಕ ಸಾಲಲ್ಲ ಅಂತಾನ. ಕಟಿಂಗ್‌ಗೇ 30 ಡಾಲರ್ ಆಗ್ತದಂತ, ಮ್ಯಾಲೆ ಟಿಪ್ಸ್ ಬ್ಯಾರೆ. ಮನಿ ಬಾಡಿಗಿ 1,900 ಡಾಲರ್. 85 ಲಕ್ಷದವನಿಗೆ ಸಾಲಲ್ಲ ಅಂದ್ರ ನಂಬೋದು ಹ್ಯಾಂಗ? ಸುಳ್ಳು ಹೇಳ್ಲಿಕತ್ತಾನೇನು? – ರಾಯಚೂರಿನ ನಿವೃತ್ತ ನೌಕರರು

ಪಾಪ, ಸುಳ್ಳು ಹೇಳ್ತಿಲ್ರಿ. ಗುಣಾಕಾರ ತಪ್ಪಿರೋದು ನಿಮ್ಮದು.

85 ಅನ್ನೋ ರೇಟು ಡಾಲರ್‌ನ ಕೊಟ್ಟು ರೂಪಾಯಿ ತಗೊಳ್ಳೋ ಬಜಾರಿನ ರೇಟು. ಅಲ್ಲೆ ಎಣ್ಣಿ ಆಮದು ಮಾಡೋರು, ಸಾಫ್ಟ್‌ವೇರ್ ರಫ್ತು ಮಾಡೋರು, ಶೇರು ಬಜಾರಿಗೆ ರೊಕ್ಕ ತರೋ ಫಂಡಿನೋರು, ಇವರೆಲ್ಲಾ ಕೂಡಿ ರೇಟು ಕಟ್ತಾರ. ನಿಮ್ಮ ರಾಯಚೂರಿನ ಹಾಲಿನಾಕಿ, ಮನಿ ಬಾಡಿಗಿ, ಸಲೂನು, ಆಟೋ, ಟ್ಯೂಷನ್ ಮೇಷ್ಟ್ರು, ಇವ್ರು ಯಾರೂ ಆ ಬಜಾರಿಗೆ ಹೋಗೇ ಇಲ್ಲ. ನಿಮ್ಮ ಮಗ ಬದುಕೋದು ಇಂಥಾ ಹಾಲು, ಬಾಡಿಗಿ, ಸಲೂನಿನ ಮ್ಯಾಲೆ, ಅದೂ ಡಲ್ಲಾಸ್ ರೇಟಿನಾಗ.

ಅದಕ್ಕಂತ ಇನ್ನೊಂದು ರೇಟು ಮಾಡ್ಯಾರ, ಇಂಗ್ಲಿಷಿನಾಗ ಪಿಪಿಪಿ ಅಂತಾರ, ಕೊಳ್ಳುವ ಶಕ್ತಿಯ ಲೆಕ್ಕ. ಹೆಸರಿಟ್ಟೋನು ಸ್ವೀಡನ್ನಿನ ಗುಸ್ತಾವ್ ಕ್ಯಾಸೆಲ್ ಅನ್ನೋ ಅರ್ಥಶಾಸ್ತ್ರಿ, 1918ರಾಗ, ಮೊದಲನೇ ಮಹಾಯುದ್ಧದ ಹೊತ್ತಿನಾಗ. ಅಮೆರಿಕದಾಗ ಒಂದು ಡಾಲರ್‌ಗೆ ಎಷ್ಟು ಬದುಕು ಬರ್ತೈತೋ ಅಷ್ಟೇ ಬದುಕು ನಮ್ಮಲ್ಲಿ ಕೊಳ್ಳಾಕ ಎಷ್ಟು ರೂಪಾಯಿ ಬೇಕು ಅನ್ನೋದು ಅದರ ಪ್ರಶ್ನೆ. 2017ರ ಬೆಲಿ ಹಿಡಿದು ಮಾಡಿದ ಅಂತರರಾಷ್ಟ್ರೀಯ ಲೆಕ್ಕದಾಗ ಉತ್ತರ ಬಂದಿದ್ದು 20 ರೂಪಾಯಿ 65 ಪೈಸೆ. ಆ ವರ್ಷ ಬಜಾರಿನ ರೇಟು 65 ರೂಪಾಯಿ ಇತ್ತು. ಅಂದ್ರ ಮೂರಕ್ಕೊಂದು! ಆಮ್ಯಾಲೆ ಬಜಾರಿನ ರೇಟು 85 ಆಗೈತಿ, ಆದ್ರ ಹೊಟ್ಟಿಯ ರೇಟು ಇಪ್ಪತ್ತರ ಮಗ್ಗಲಾಗೇ ಓಡಾಡ್ತೈತಿ.

ಈಗ ಮಗನ ಲಕ್ಷ ಡಾಲರ್‌ನ 85ರ ಬದ್ಲಿ ಇಪ್ಪತ್ತು ಚಿಲ್ಲರಿಂದ ಗುಣಿಸ್ರಿ. ಇಪ್ಪತ್ತು ಇಪ್ಪತ್ತೊಂದು ಲಕ್ಷ. ನಮ್ಮಲ್ಲಿ ವರ್ಷಕ್ಕ ಇಪ್ಪತ್ತು ಲಕ್ಷ ದುಡಿಯೋ ಹುಡುಗ ಹ್ಯಾಂಗಿರ್ತಾನೋ ಹಂಗ ಅವನು ಅಲ್ಲೆ ಇದ್ದಾನ. ಚಲೋನೇ ಇದ್ದಾನ, ಆದ್ರ ನೀವು ಮದುವಿ ಮನ್ಯಾಗ ಹೇಳ್ಕೊಂಡಷ್ಟು ಅಲ್ಲ. ಇದ್ರಾಗೂ ಒಂಟಿ ಆಳಾದ್ರ ಫೆಡರಲ್ ಟ್ಯಾಕ್ಸು, ಸೋಶಿಯಲ್ ಸೆಕ್ಯೂರಿಟಿ ಎಲ್ಲಾ ಕೂಡಿ ಇಪ್ಪತ್ತು ಸಾವಿರ ಡಾಲರ್ ಹತ್ರ ಮೊದ್ಲೇ ಹೋಗ್ತೈತಿ. ಟೆಕ್ಸಸ್‌ನಾಗ ರಾಜ್ಯದ ಇನ್‌ಕಂ ಟ್ಯಾಕ್ಸ್ ಇಲ್ಲ ಅಂತ ಇಷ್ಟಕ್ಕ ಮುಗೀತು, ಕ್ಯಾಲಿಫೋರ್ನಿಯಾ ಆಗಿದ್ರ ಇನ್ನೂ ಹೋಗೋದು. ಬಾಡಿಗಿಗೇ ವರ್ಷಕ್ಕ 22,800.

ಆದ್ರ ತಡೀರಿ, ಕತಿ ಇಲ್ಲಿಗೆ ಮುಗಿಯಂಗಿಲ್ಲ, ಎಷ್ಟೋ ಮಂದಿ ಈ ಪಿಪಿಪಿ ಒಂದು ಕಲ್ತು ಅಮೆರಿಕದಾಗ ಏನೂ ಇಲ್ಲ ಬಿಡ್ರಿ ಅಂತ ಉಲ್ಟಾ ಹೊಡೀತಾರ, ಅದೂ ತಪ್ಪೇ. ನಿಮ್ಮ ಮಗ ಅಲ್ಲೆ ಖರ್ಚು ಮಾಡೋ ಡಾಲರ್ ಇಪ್ಪತ್ತು ರೂಪಾಯಿದು. ಉಳಿಸಿ ನಿಮಗ ಕಳಿಸೋ ಡಾಲರ್ 85 ರೂಪಾಯಿದು! ಒಂದೇ ನೋಟು, ಒಂದೇ ಕಿಸೆ, ಎರಡು ರೇಟು. ತಿಂಗಳಿಗೆ 1,500 ಡಾಲರ್ ಉಳಿಸಿದ ಅಂದ್ರ ಅಲ್ಲಿ ಅದು ಒಂದು ಸಣ್ಣ ಮನಿ ಬಾಡಿಗಿಗೂ ಸಾಲಂಗಿಲ್ಲ, ರಾಯಚೂರಿಗೆ ಬಂದು ಬಿತ್ತು ಅಂದ್ರ 1,27,500 ರೂಪಾಯಿ. ಹೊರಗ ಹೋದೋರು ಊರಾಗ ಸೈಟು ತಗೊಳ್ಳೋದು, ಆದ್ರ ಅಲ್ಲೆ ನಾಲ್ಕು ಹುಡುಗ್ರು ಕೂಡಿ ಒಂದು ಅಪಾರ್ಟ್‌ಮೆಂಟ್‌ನಾಗ ಇರೋದು ಯಾಕ ಅಂತ ಈಗ ತಿಳೀತಲ್ರಿ. ಗಲ್ಫ್ ಡ್ರೈವರ್‌ದೂ ಇದೇ ಗಣಿತ, ಅವನದು ಇನ್ನೂ ಬಿಗಿ, ಯಾಕಂದ್ರ ಅವ ಅಲ್ಲೆ ಬದುಕಾಕಂತ ಹೋಗಿರೋದೇ ಇಲ್ಲ, ಉಳಸಾಕ ಹೋಗಿರ್ತಾನ.

ಅದಕ್ಕ ಇನ್ನ ಮ್ಯಾಲೆ ಮಗಗ ಪಗಾರ ಎಷ್ಟು ಅಂತ ಕೇಳಬ್ಯಾಡ್ರಿ, ಉಳಿತಾಯ ಎಷ್ಟು ಅಂತ ಕೇಳ್ರಿ. ಅದನ್ನೂ ದಿನಾ ಕೇಳಬ್ಯಾಡ್ರಿ.

ಸಂಡೂರಿನ ಅದಿರಿಗೂ ಬ್ರೆಜಿಲ್ ಅದಿರಿಗೂ ಡಾಲರ್‌ನಾಗೇ ರೇಟು ಕಟ್ತಾರ, ಹಟ್ಟಿ ಬಂಗಾರನೂ ಲಂಡನ್ ರೇಟಿಗೇ ಹೋಗ್ತೈತಿ. ಹಂಗಿದ್ದಾಗ ಕಟಿಂಗ್ ಯಾಕ ಬಳ್ಳಾರ್ಯಾಗ 80 ರೂಪಾಯಿ, ಅಮೆರಿಕದಾಗ ಎರಡೂವರಿ ಸಾವಿರ? – ಸಂಡೂರಿನ ಲಾರಿ ಮಾಲಕರು

ಈ ಸಲದ ಬಂಪರ್ ಪ್ರಶ್ನೆ ಇದು. ಇದಕ್ಕ ಉತ್ತರ ಹುಡುಕೋ ನೆವದಾಗ ನಾನೂ ಹೋದ ರವಿವಾರ ಕೌಲ್ ಬಜಾರಿನ ನಮ್ಮ ಮಾಮೂಲಿ ಅಂಗಡ್ಯಾಗ ಕುಂತು ನೋಡ್ದೆ. ಕತ್ತರಿ ಒಂದು, ಬಾಚಣಿಗಿ ಒಂದು, ಚೀನಾದ ಟ್ರಿಮ್ಮರ್ ಒಂದು, ನೀರು ಹೊಡಿಯೋ ಬಾಟ್ಲಿ. ಇಪ್ಪತ್ತು ನಿಮಿಷದ ಕೆಲಸ. ಕೊನಿಗೆ ತಲಿ ಮ್ಯಾಲೆ ಟಪಟಪ ಅಂತ ಎರಡು ಕೈ ಕೂಡಿಸಿ ಮಾಲೀಸು, ಅದು ಫ್ರೀ. ಡಲ್ಲಾಸ್‌ನಾಗಿನ ಸಲೂನಿನೋನ ಹತ್ರನೂ ಇದೇ ಕತ್ತರಿ ಇದೇ ಟ್ರಿಮ್ಮರ್, ಅವನೂ ಇಪ್ಪತ್ತು ನಿಮಿಷಕ್ಕ ಒಂದೇ ತಲಿ ಮಾಡೋದು, ಮಾಲೀಸಂತೂ ಇಲ್ಲ. ಕೆಲಸದಾಗ ಅವ ನಮ್ಮವನಿಗಿಂತ ಮೂವತ್ತು ಪಟ್ಟು ಶಾಣ್ಯಾ ಏನಲ್ಲ.

ಅದಿರು ಹಡಗು ಹತ್ತತೈತಿ. ಇಲ್ಲೆ ಅಗ್ಗ, ಅಲ್ಲೆ ತುಟ್ಟಿ ಅಂದ್ರ ವ್ಯಾಪಾರಿ ಇಲ್ಲಿಂದ ಎತ್ತಿ ಅಲ್ಲಿಗೆ ಹಾಕ್ತಾನ, ಸಾಗಾಣಿಕೆ ಖರ್ಚು ಬಿಟ್ರ ರೇಟು ಒಂದಾಗ್ತಾವ. ಬಂಗಾರ, ಹತ್ತಿ, ಮೊಬೈಲು, ಪೆಟ್ರೋಲು ಎಲ್ಲಾ ಇದೇ ಜಾತಿ. ಕಟಿಂಗ್ ಹಡಗು ಹತ್ತಂಗಿಲ್ಲ. ಡಲ್ಲಾಸ್‌ನವ ತಲಿ ಕಳಿಸಿ ಬಳ್ಳಾರ್ಯಾಗ ಕಟಿಂಗ್ ಮಾಡಿಸ್ಕೊಳ್ಳಾಕ ಬರಂಗಿಲ್ಲ, ನಮ್ಮ ಹುಡುಗಗ ವೀಸಾ ಇಲ್ಲ.

ಹಂಗಾರ ಅಲ್ಲಿನವನ ರೇಟು ಯಾರು ಕಟ್ತಾರ? ಅವನ ಮಗ್ಗಲಿನ ಫ್ಯಾಕ್ಟರಿ ಕಟ್ತೈತಿ. ಅಲ್ಲಿನ ಫ್ಯಾಕ್ಟರಿ, ಸಾಫ್ಟ್‌ವೇರ್ ಕಂಪನಿಯಾಗ ಒಂದಾಳು ಮಶಿನ್ ಬಲದಿಂದ ನಮ್ಮ ಹತ್ತಾಳಿನ ಕೆಲಸ ತೆಗೀತಾನ, ಪಗಾರನೂ ಹಂಗೇ. ಸಲೂನಿನೋನಿಗೆ ಅಷ್ಟು ಕೊಡ್ಲಿಲ್ಲ ಅಂದ್ರ ಅವನೂ ಕತ್ತರಿ ಇಟ್ಟು ಅಲ್ಲಿಗೇ ಹೋಗ್ತಾನ. ಅದಕ್ಕ ಶ್ರೀಮಂತ ದೇಶದಾಗ ಕೈಕೆಲಸ ತುಟ್ಟಿ, ಬಡ ದೇಶದಾಗ ಅಗ್ಗ. 1964ರಾಗ ಬೇಲಾ ಬಲಾಸ್ಸಾ, ಪೌಲ್ ಸ್ಯಾಮುಯೆಲ್ಸನ್ ಅಂತ ಇಬ್ರು ಅರ್ಥಶಾಸ್ತ್ರಿಗಳು ಬ್ಯಾರೆ ಬ್ಯಾರೆಯಾಗಿ ಇದನ್ನ ಬರೆದ್ರು, ಈಗ ಇಬ್ಬರ ಹೆಸರೂ ಜೋಡಿಸಿ ಕರೀತಾರ.

ನಿಮಗ ಇದನ್ನ ನಾನು ಹೇಳ್ಬೇಕಾ? ಸಂಡೂರು, ಹೊಸಪೇಟಿಯಾಗ ನೀವೇ ಕಣ್ಣಾರೆ ನೋಡೀರಿ. ಬೀಜಿಂಗ್ ಒಲಿಂಪಿಕ್ಸ್ ಮುಂಚೆ ಚೀನಾ ಸಿಕ್ಕಷ್ಟು ಅದಿರು ಎತ್ತುವಾಗ ಡ್ರೈವರ್ ಕೂಲಿ ಏರ್ತು, ಅವನ ಹಿಂದೆ ಗ್ಯಾರೇಜಿನವನ ಕೂಲಿ, ಅವನ ಹಿಂದೆ ಖಾನಾವಳಿ ಊಟ, ಮನಿ ಬಾಡಿಗಿ. ಅದಿರು ಮುಟ್ಟದವನೂ ರೇಟು ಏರಿಸ್ದ. 2011ರ ಜುಲೈನಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಸಿದ್ಮ್ಯಾಲೆ ಲಾರಿಗಳು ರಸ್ತೆ ಬದಿಗೆ ನಿಂತು ಟೈರು ಗಾಳಿ ಇಳೀತು, ಅದೇ ಮನಿಗಳಿಗೆ ಟು-ಲೆಟ್ ಬೋರ್ಡು ಬಿತ್ತು. ದೇಶ ದೇಶದ ನಡುವೆ ಆಗೋದು ಒಂದು ತಾಲ್ಲೂಕಿನಾಗ ಏಳೆಂಟು ವರ್ಷದಾಗ ಆಗಿ ಹೋತು.

ಬೇರೆ ಬೇರೆ ದೇಶದ ಬೆಲೆ ಹೋಲಿಸೋಕೆ ಬರ್ಗರ್ ಲೆಕ್ಕ ಅಂತ ಒಂದಿದೆಯಂತೆ, ಮಕ್ಕಳು ಕ್ಲಾಸಲ್ಲಿ ಕೇಳಿದ್ರು. ನಮ್ಮ ಜೋಳದ ರೊಟ್ಟಿ ಇಟ್ಕೊಂಡು ಯಾಕೆ ಲೆಕ್ಕ ಮಾಡಬಾರದು? – ಕೊಪ್ಪಳ ಜಿಲ್ಲೆಯ ಹೈಸ್ಕೂಲ್ ಶಿಕ್ಷಕಿ

ಐತ್ರಿ. ಲಂಡನ್ನಿನ ದಿ ಎಕಾನಮಿಸ್ಟ್ ವಾರಪತ್ರಿಕೆಯೋರು 1986ರಾಗ ತಮಾಷಿಗೆ ಅಂತ ಶುರು ಮಾಡಿದ್ದು, ಬ್ಯಾರೆ ಬ್ಯಾರೆ ದೇಶದಾಗ ಒಂದೇ ನಮೂನಿ ಸಿಗೋ ಮೆಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಬರ್ಗರ್ ರೇಟು ಹೋಲಿಸೋದು. ನಮ್ಮಲ್ಲಿ ಬಂದು ಆ ಲೆಕ್ಕ ಎಡವಿತು, ಯಾಕಂದ್ರ ಅದು ದನದ ಮಾಂಸದ್ದು, ಇಲ್ಲಿ ಮೆಕ್‌ಡೊನಾಲ್ಡ್ಸ್ ಅದನ್ನ ಮಾರಂಗಿಲ್ಲ, ಹಂಗಾಗಿ ಭಾರತದ ಲೆಕ್ಕಕ್ಕ ಕೋಳಿಯ ಮಹಾರಾಜ ಮ್ಯಾಕ್ ಹಾಕ್ಕೊಂಡ್ರು.

ನಿಮ್ಮ ರೊಟ್ಟಿಗೂ ಇದೇ ತಾಪತ್ರಯ, ಉಲ್ಟಾ ದಿಕ್ಕಿನಿಂದ. ಕೊಪ್ಪಳದಾಗ ರೊಟ್ಟಿ ದಿನದ ಊಟ, ಮನ್ಯಾಗ ತಟ್ಟತಾರ, ಇಲ್ಲಾ ಖಾನಾವಳಿಯಿಂದ ಹತ್ತಿಪ್ಪತ್ತು ಕಟ್ಟಿಸ್ಕೊಂಡು ಬರ್ತೀವಿ. ನ್ಯೂಯಾರ್ಕ್‌ನಾಗ ಜೋಳದ ರೊಟ್ಟಿ ಬೇಕಂದ್ರ ಅದು ಅಪರೂಪದ ಹೆಲ್ತ್ ಫುಡ್, ಚಿನ್ನದ ರೇಟು. ರೊಟ್ಟಿ ಹಿಡಿದು ಅಳೆದ್ರ ಅಮೆರಿಕದೋರು ಉಪವಾಸ ಬಿದ್ದಂಗ ಕಾಣ್ತಾರ, ಬರ್ಗರ್ ಹಿಡಿದು ಅಳೆದ್ರ ನಾವು. ಎರಡೂ ದೇಶದಾಗ ಒಂದೇ ವಸ್ತು ಇರಬೇಕು, ಎರಡೂ ದೇಶದ ಮಂದಿ ಅದನ್ನ ದಿನಾ ಬಳಸ್ತಿರಬೇಕು, ಇವೆರಡೂ ಒಟ್ಟಿಗೆ ಸಿಗೋದೇ ಕಷ್ಟ. ಲೆಕ್ಕ ಮಾಡೋರು ಇವತ್ತಿಗೂ ಬಡಿದಾಡೋದು ಇದರ ಜೊತಿಗೇ.

ಪಿಪಿಪಿ ರೇಟು ಕಟ್ಟೋ ದೊಡ್ಡ ಲೆಕ್ಕ ಶುರುವಾಗಿದ್ದು 1968ರಾಗ, ವಿಶ್ವಸಂಸ್ಥೆಯೋರು ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇರ್ವಿಂಗ್ ಕ್ರಾವಿಸ್, ಜೊತಿಗೆ ಸಮ್ಮರ್ಸ್, ಹೆಸ್ಟನ್ ಅನ್ನೋರು. ಮೊದಲನೇ ಸುತ್ತಿನಾಗ ಹತ್ತೇ ದೇಶ, ಅದ್ರಾಗ ನಮ್ಮದೂ ಒಂದು. ಈಗ ವಿಶ್ವಬ್ಯಾಂಕ್ ನಡಸ್ತೈತಿ, 2021ರ ಸುತ್ತಿನಾಗ 176 ಆರ್ಥಿಕತೆಗಳು. ಅಕ್ಕಿ, ಅಂಗಿ, ಬಸ್ ಟಿಕೆಟ್, ಡಾಕ್ಟರ್ ಫೀಸು, ಸಿಮೆಂಟು ಅಂತ ನೂರಾರು ವಸ್ತುವಿನ ರೇಟು ಬರ್ಕೊಳ್ತಾರ. ಮಕ್ಕಳಿಗೆ ಹೇಳ್ರಿ, ಅವರವರ ಓಣಿ ಮಿರ್ಚಿ-ಮಂಡಕ್ಕಿ ರೇಟು, ಬೆಂಗಳೂರಾಗಿರೋ ಕಾಕಾನ ಓಣಿ ರೇಟು ಬರ್ಕೊಂಡು ಬರ್ರಿ ಅಂತ. ಮಿರ್ಚಿ ಸೈಜು ಬ್ಯಾರೆ ಟೀಚರ್, ಚಟ್ನಿ ಕೊಡಂಗಿಲ್ಲ ಟೀಚರ್ ಅಂತ ಅವ್ರೇ ಶುರು ಹಚ್ತಾರ, ವಿಶ್ವಬ್ಯಾಂಕಿನ ತಲಿನೋವು ಅಲ್ಲಿಗೆ ಅರ್ಧ ಪಾಠ ಆದಂಗ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಪೀಸ್ ರೇಟ್‌ಗೆ ಕೆಲಸ ಮಾಡ್ತೀನಿ. ಟಿವಿಯಲ್ಲಿ ಕೊಳ್ಳುವ ಶಕ್ತಿ ಲೆಕ್ಕದಲ್ಲಿ ಭಾರತ ಜಗತ್ತಿಗೇ ಮೂರನೇದು ಅಂದ್ರು. ನನ್ನ ಕೊಳ್ಳುವ ಶಕ್ತಿ ಎಲ್ಲಿ ಹೋಯ್ತು? – ಬಳ್ಳಾರಿಯ ಓದುಗರು

ತಾಯಿ, ಟಿವಿಯೋರು ಹೇಳಿದ್ದು ಸುಳ್ಳಲ್ಲ, ಪೂರ್ತಿ ಹೇಳ್ಲಿಲ್ಲ ಅಷ್ಟೇ. ಚೀನಾ, ಅಮೆರಿಕ ಬಿಟ್ರ ನಾವೇ, ಖರೆ. ಆದ್ರ ಅದು 140 ಕೋಟಿ ಮಂದಿದು ಕೂಡಿಸಿದ ರಾಶಿ. ತಲಿಗೆ ಹಂಚಿದ್ರ ಬಜಾರಿನ ರೇಟಿನಾಗ ವರ್ಷಕ್ಕ ಎರಡೂವರೆ ಸಾವಿರ ಡಾಲರ್ ಚಿಲ್ಲರೆ, ಕೊಳ್ಳುವ ಶಕ್ತಿ ಲೆಕ್ಕದಾಗ ಹತ್ತು ಸಾವಿರದ ಮ್ಯಾಲೆ. ಆ ಹತ್ತು ಸಾವಿರನೂ ಸರಾಸರಿ, ಮುಂಬೈದ ಮಾಳಿಗಿ ಮನಿಯೋರನ್ನೂ ನಿಮ್ಮನ್ನೂ ಕೂಡಿಸಿ ಭಾಗಿಸಿದ್ದು.

ನನಗ ಇದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದೈತಿ, ಟಿವಿಯಾಗ ಯಾರೂ ಹೇಳಂಗಿಲ್ಲ. ನಮ್ಮ ದೇಶ ಅಗ್ಗ ಅಂತ ಬರೋದೇ ಕಟಿಂಗು, ಕೂಲಿ, ಮನಿಗೆಲಸ, ಹೊಲಿಗಿ ಅಗ್ಗ ಇರೋದ್ರಿಂದ. ಅಂದ್ರ ಅಗ್ಗ ಇರೋದು ನಿಮ್ಮ ಕೈಕೆಲಸ! ನೀವು ಹೊಲಿದ ಪ್ಯಾಂಟಿನ ಬಟ್ಟಿ, ಜಿಪ್ಪು, ಗುಂಡಿ, ಹೊಲಿಗಿ ಮಶಿನ್ನು ಎಲ್ಲಾ ಹಡಗು ಹತ್ತೋ ಜಾತಿ, ಅವಕ್ಕ ಜಗತ್ತಿನ ರೇಟು. ನಿಮ್ಮ ಒಂದು ಪೀಸ್ ಹೊಲಿಗಿಗೆ ಮಾತ್ರ ಬಳ್ಳಾರಿ ರೇಟು. ಇಪ್ಪತ್ತು ರೂಪಾಯಿಗೆ ಡಾಲರ್‌ನಷ್ಟು ಬದುಕು ಸಿಗ್ತೈತಿ ಅಂತ ಒಬ್ಬ ಹೇಳಿದ್ರ, ಆ ಇಪ್ಪತ್ತು ರೂಪಾಯಿಯ ಸೇವಾ ಮಾಡೋರು ನೀವು. ಇನ್ನ ನೀವು ಕೊಳ್ಳೋ ಎಣ್ಣಿ, ಸಿಲಿಂಡರ್, ಮೊಬೈಲ್ ರಿಪೇರಿಯ ಡಿಸ್‌ಪ್ಲೇ, ಇವು ಯಾವೂ ಮೂರಕ್ಕೊಂದು ರೇಟಿಗೆ ಸಿಗಂಗಿಲ್ಲ.

ಹೊಟ್ಟಿಗೆ ಎಷ್ಟು ಹೋಗ್ತೈತಿ ಅನ್ನೋದು ರೇಟು ಗೀಟು ಬ್ಯಾಡದ ಹಳೇ ಅಳತಿ, ಎರ್ನ್ಸ್ಟ್ ಎಂಗೆಲ್ ಅಂತ ಜರ್ಮನಿಯವ 1857ರಾಗೇ ಹೇಳ್ಯಾನ, ಬಡವರಾದಷ್ಟೂ ಗಳಿಕಿಯ ದೊಡ್ಡ ಪಾಲು ಊಟಕ್ಕೇ ಹೋಗ್ತೈತಿ ಅಂತ. 2023-24ರ ಸರ್ಕಾರಿ ಸಮೀಕ್ಷೆಯಾಗ ನಮ್ಮ ಹಳ್ಳಿ ಮನಿ ಖರ್ಚಿನಾಗ 47 ಪರ್ಸೆಂಟ್ ಊಟಕ್ಕ, ಪಟ್ಟಣದಾಗ 40ರ ಹತ್ರ. ಅಮೆರಿಕದಾಗ ಕೈಗೆ ಬರೋ ಆದಾಯದ 11 ಪರ್ಸೆಂಟ್ ಆಸುಪಾಸು. ಎರಡೂ ಲೆಕ್ಕದ ರೀತಿ ಪೂರ್ತಿ ಒಂದಲ್ಲ, ಆದ್ರ ಅಂತರ ಕಾಣಾಕ ಅಷ್ಟು ಸಾಕು. ನೀವು ಒಂದು ತಿಂಗಳು ಕಿರಾಣಿ, ಕಾಯಿಪಲ್ಯ, ಹಾಲು ಬರೆದಿಟ್ಟು ನೋಡ್ರಿ, ಅರ್ಧಕ್ಕಿಂತ ಹೆಚ್ಚು ಬಂದ್ರ ಟಿವಿ ಬಂದ್ ಮಾಡಿ ಯೂನಿಟ್ ಮಾಲಕರ ಹತ್ರ ಪೀಸ್ ರೇಟ್ ಮಾತು ಎತ್ತಬಹುದು.

ಇನ್ನೊಂದು, ದಿನಕ್ಕ 3 ಡಾಲರ್ ಅಂತ ವಿಶ್ವಬ್ಯಾಂಕ್ 2025ರಾಗ ಬಡತನದ ಗೆರಿ ಎಳೀತಲ್ಲ, ಅದನ್ನ ಮಂದಿ 255 ರೂಪಾಯಿ ಅಂತ ತಿಳ್ಕೊಂಡಾರ. ಅಲ್ಲ. ಅದು ಕೊಳ್ಳುವ ಶಕ್ತಿಯ ಡಾಲರ್, 2021ರ ಬೆಲಿದು, ರೂಪಾಯಿಗೆ ತಂದ್ರ 255ರ ಕಾಲುಭಾಗದ ಹತ್ರ ಬರ್ತೈತಿ. ಅಷ್ಟು ಕೆಳಗ ಎಳೆದ ಗೆರಿ ಅದು, ದಾಟಿದ್ರ ಸುಖ ಅಂತ ಅರ್ಥ ಅಲ್ಲ.

ಮಗಳಿಗೆ ಬೆಂಗಳೂರಾಗ 28 ಸಾವಿರ, ಹೊಸಪೇಟ್ಯಾಗ 18 ಸಾವಿರದ ಕೆಲಸ. ಯಾವುದು ಮೇಲು? – ಹೊಸಪೇಟೆಯ ಓದುಗರು

ರೊಕ್ಕಕ್ಕಷ್ಟೇ ಆದ್ರ ಹೊಸಪೇಟಿ. ಬೆಂಗಳೂರಾಗ ಪಿಜಿಗೆ ಒಂಬತ್ತು ಹತ್ತು ಸಾವಿರ ಹೋದ್ಮ್ಯಾಲೆ ಉಳಿಯೋದು ಏನು? ಇಡೀ ಭಾರತಕ್ಕ ಒಂದೇ ಪಿಪಿಪಿ ನಂಬರ್ ಕೊಟ್ಟಾರ, ಆದ್ರ ಬೆಂಗಳೂರಿನ ರೂಪಾಯಿ ಬ್ಯಾರೆ, ನಮ್ಮ ರೂಪಾಯಿ ಬ್ಯಾರೆ. ಮುಂದಿನ ಕೆಲಸ ಕಲಿಯಾಕ ಅಂದ್ರ ಬೆಂಗಳೂರು, ಅದು ನನ್ನ ಲೆಕ್ಕಕ್ಕ ಸಿಗೋ ವಿಷಯ ಅಲ್ಲ, ಆಕಿನ್ನೇ ಕೇಳ್ರಿ.

ತಲಾ ಜಿಡಿಪಿ, ಎಚ್‌ಡಿಐ, ಯಾವುದು ಸರಿಯಾದ ಅಳತೆ? ಎಕ್ಸಾಂ ಅದ, ಚಿಕ್ಕದಾಗಿ ಹೇಳ್ರಿ. – ರಾಯಚೂರಿನ ವಿದ್ಯಾರ್ಥಿ

ಚಿಕ್ಕದಾಗಿ: ಜಿಡಿಪಿ ಅಂದ್ರ ಆ ದೇಶದಾಗ ತಯಾರಾಗಿದ್ದು, ಆ ಮಂದಿ ಉಂಡಿದ್ದಲ್ಲ. 2015ರಾಗ ಐರ್ಲೆಂಡ್ ಜಿಡಿಪಿ ಒಂದೇ ವರ್ಷದಾಗ 25 ಪರ್ಸೆಂಟ್ ಆಸುಪಾಸು ಬೆಳೀತು, ದೊಡ್ಡ ದೊಡ್ಡ ಅಮೆರಿಕನ್ ಕಂಪನಿಗಳು ತಮ್ಮ ಆಸ್ತಿ ಲೆಕ್ಕ ಅಲ್ಲಿಗೆ ಬರೆಸಿದ್ವು, ಅಲ್ಲಿನ ಮಂದಿ ಅದೇ ಮನಿ, ಅದೇ ಆಲೂಗಡ್ಡಿ. ಎಚ್‌ಡಿಐ, ಅಂದ್ರ ಮಾನವ ಅಭಿವೃದ್ಧಿ ಸೂಚ್ಯಂಕ, 1990ರಾಗ ಬಂತು, ಪಾಕಿಸ್ತಾನದ ಮಹಬೂಬ್ ಉಲ್ ಹಕ್ ತಂದ್ರು, ಅಮರ್ತ್ಯ ಸೇನ್ ಕೈಜೋಡಿಸಿದ್ರು. ಆಯಸ್ಸು, ಓದು, ಪಿಪಿಪಿ ಲೆಕ್ಕದ ತಲಾ ಆದಾಯ, ಮೂರೂ ಕೂಡಿಸ್ತಾರ. 2025ರ ವರದಿಯಾಗ ನಮ್ಮದು 0.685, 193 ದೇಶದಾಗ 130ನೇದು. ಮಗ್ಗಲಿನ ಶ್ರೀಲಂಕಾ ಅಷ್ಟೆಲ್ಲಾ ಒದ್ದಾಡಿದ್ರೂ ನಮಗಿಂತ ಭಾಳ ಮ್ಯಾಲೈತಿ. ಆಲ್ ದ ಬೆಸ್ಟ್.

ನಮ್ಮ ತಂದೆ ಸಣ್ಣವರಿದ್ದಾಗ ಬೊಂಬಾಯಿಯಿಂದ ಹಡಗಿನಲ್ಲಿ ಕುವೈತ್‌ಗೆ ಕೆಲಸಕ್ಕೆ ಹೋಗಿದ್ದರು. ಅಲ್ಲಿ ನಮ್ಮ ರೂಪಾಯಿಯೇ ನಡೀತಿತ್ತು ಅನ್ನೋರು. ಮೊಮ್ಮಕ್ಕಳು ನಗುತ್ತಾರೆ. ಅವರು ತಂದ ಒಂದು ಹತ್ತು ರೂಪಾಯಿ ನೋಟು ಟ್ರಂಕಿನಲ್ಲಿದೆ. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ಅದೂ ನಿಜವೇ? – ಬಳ್ಳಾರಿಯ 78 ವರ್ಷದ ಓದುಗರು

ಅಪ್ಪಾರು ಹೇಳಿದ್ದು ನೂರಕ್ಕೆ ನೂರು ಖರೆ, ಮೊಮ್ಮಕ್ಕಳಿಗೆ ಇದನ್ನ ಓದಿ ಹೇಳ್ರಿ. ಕುವೈತ್, ಬಹರೈನ್, ಕತಾರ್, ಈಗಿನ ದುಬೈ ಕಡೆಯೆಲ್ಲಾ ನಮ್ಮ ರೂಪಾಯಿನೇ ಓಡ್ತಿತ್ತು. ಆ ನೋಟು ಕೊಟ್ಟು ಬಂಗಾರ ಕಳ್ಳಸಾಗಣೆ ಜೋರಾತು ಅಂತ 1959ರಾಗ ರಿಸರ್ವ್ ಬ್ಯಾಂಕ್ ಗಲ್ಫ್‌ಗೇ ಬ್ಯಾರೆ ನೋಟು ಮಾಡ್ತು. ಕುವೈತ್ 1961ರಾಗ ತನ್ನದೇ ದಿನಾರ್ ತಂತು, ಆಗ ಒಂದು ದಿನಾರ್‌ಗೆ 13 ರೂಪಾಯಿ 33 ಪೈಸೆ ಲೆಕ್ಕ ಹಚ್ಚಿ ಬದಲಾಯಿಸಿ ಕೊಟ್ರು. ಉಳಿದೋರು 1966ರ ಜೂನ್ 6ಕ್ಕ ಡಾಲರ್‌ಗೆ 4.76 ಇದ್ದ ರೂಪಾಯಿನ ನಾವು 7.50ಕ್ಕ ಇಳಿಸಿದ ಸುತ್ತಮುತ್ತ ಕೈಬಿಟ್ರು.

ವಾಟ್ಸಾಪ್‌ದು ಮಾತ್ರ ಸುಳ್ಳು. 1947ರಾಗ ಪೌಂಡಿಗೆ 13.33 ರೂಪಾಯಿ, ಪೌಂಡಿಗೆ ನಾಲ್ಕು ಡಾಲರ್ ಚಿಲ್ಲರೆ, ಭಾಗಿಸಿದ್ರ ಡಾಲರ್‌ಗೆ 3 ರೂಪಾಯಿ 30 ಪೈಸೆ ಬರ್ತೈತಿ.

ನಿಮ್ಮ ಪತ್ರದ ಕೊನಿಗೆ, 13 ಇದ್ದ ದಿನಾರ್ 276 ಆತು ಅಂದ್ರ ನಾವು ಇಪ್ಪತ್ತು ಪಟ್ಟು ಬಡವರಾದ್ವಾ ಅಂತ ಬೇಜಾರು ಮಾಡ್ಕೊಂಡೀರಿ. ಇಲ್ರಿ. ನಿಮ್ಮ ತಂದಿ ಹಡಗು ಹತ್ತಿದಾಗ ನಮ್ಮ ದೇಶದಾಗ ಹುಟ್ಟಿದ ಕೂಸಿನ ಸರಾಸರಿ ಆಯಸ್ಸು ಐವತ್ತು ದಾಟಿರಲಿಲ್ಲ, ಈಗ 72. ನೀವೇ 78ರಾಗ ಕುಂತು ಮೂರು ಪುಟ ಪತ್ರ ಬರ್ದೀರಿ, ಅಕ್ಷರ ನನಗಿಂತ ಚಂದ.

ಆ ನೋಟಿನ ನಂಬರ್ ಮುಂದ ಇಂಗ್ಲಿಷಿನ ಝಡ್ ಅಕ್ಷರ ಐತಾ ನೋಡ್ರಿ, ಇದ್ರ ಅದು ಗಲ್ಫ್ ನೋಟೇ. ಬ್ಯಾಂಕಿಗೆ ಒಯ್ಯಬ್ಯಾಡ್ರಿ, ಅಲ್ಲೆ ಅದಕ್ಕ ಬೆಲಿ ಇಲ್ಲ. ಹಳೇ ನೋಟು ಕೂಡಿಡೋರು ಚಲೋ ರೊಕ್ಕ ಕೊಡ್ತಾರ, ಆದ್ರ ಮೊದಲನೇ ಗಿರಾಕಿಗೇ ಕೊಟ್ಟುಬಿಡಬ್ಯಾಡ್ರಿ, ಇಬ್ಬರು ಮೂವರಿಗೆ ತೋರಿಸ್ರಿ. ಮಡಚಿದ್ದು ಬಿಚ್ಚಿ, ಇಸ್ತ್ರಿ ಗಿಸ್ತ್ರಿ ಹೊಡೀದಂಗ, ಒಂದು ಪ್ಲಾಸ್ಟಿಕ್ ಕವರಿನಾಗ ಹಾಕಿಡ್ರಿ.